ಹಸಿಯಕ್ಕ ಮತ್ತು ಮೂರನೆಯ ತಾಳೆಮರ

ಒಲೆ ಹಚ್ಚದೆ ಅಡುಗೆಯವಳು ಅನ್ನಿಸಿಕೊಳ್ಳುವುದು ಸುಲಭದ ಮಾತಲ್ಲ. ಹಸಿಯಕ್ಕ ಅನ್ನಿಸಿಕೊಂಡಿದ್ದಳು, ಅದೂ ಅರ್ಧಂಬರ್ಧ. ಅಪ್ಪ ಅಮ್ಮ ಇಟ್ಟ ಹೆಸರು ಒಂದು ಅವಳಿಗೂ ಇತ್ತು; ಅದು ಸಂಬಳದ ದಿನ ಮಾತ್ರ ಯಾರದಾದರೂ ಬಾಯಲ್ಲಿ ಬರುತ್ತಿತ್ತು. ಉಳಿದ ದಿನವೆಲ್ಲ ಅವಳು ಹಸಿಯಕ್ಕ. ಒಂದು ದೊಡ್ಡ ವಿಮಾ ಕಚೇರಿ, ಅದರ ನೆಲಮಹಡಿಯಲ್ಲಿ ಕ್ಯಾಂಟೀನು, ಕ್ಯಾಂಟೀನಿನ ಮೂಲೆಯಲ್ಲಿ ಪಾತ್ರೆ ತೊಳೆಯುವ ತೊಟ್ಟಿಗೂ ಹಿಂಬಾಗಿಲಿಗೂ ನಡುವೆ ಕಲ್ಲು ಹಾಸಿದ ಒಂದು ಕಟ್ಟೆ. ಆ ಕಟ್ಟೆಯ ಹಿಂದೆ ನಿಂತು ಹಸಿ ತರಕಾರಿ ಹೆಚ್ಚಿ ಹೆಚ್ಚಿಯೇ ಅವಳ ತಲೆ ನೆರೆತಿತ್ತು. ಸಲಾಡ್ ಮಾಡುವುದು ಅವಳ ಕೆಲಸ. ಬೆಳಿಗ್ಗೆ ಬಂದು ಸೆರಗು ಸಿಕ್ಕಿಸಿ ಚಾಕು ಮಸೆದಳೆಂದರೆ ಮಧ್ಯಾಹ್ನದ ಊಟ ಮುಗಿಯುವವರೆಗೆ ಅವಳ ಕೈ ನಿಲ್ಲುತ್ತಿರಲಿಲ್ಲ.

ಒಲೆ ಇದ್ದದ್ದು ಎದುರುಗಡೆ, ಉರಿಯಪ್ಪನ ವಶದಲ್ಲಿ. ಇದೂ ಅಡ್ಡಹೆಸರೇ, ಮನುಷ್ಯ ಒಲೆಗಿಂತ ಹೆಚ್ಚು ಉರಿಯುತ್ತಿದ್ದ. "ಬೆಂಕಿ ಮುಟ್ಟದ್ದು ಅಡುಗೆ ಅಲ್ಲ ಅಕ್ಕ, ಮೇವು," ಎಂದು ದಿನಕ್ಕೊಮ್ಮೆಯಾದರೂ ಹೇಳದಿದ್ದರೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ. ಹಸಿಯಕ್ಕನೇನು ಬಿಡುವವಳೇ? "ನಿನ್ನದು ಕೆಟ್ಟರೆ ಇನ್ನೊಂದು ಸಲ ಕುದಿಸಿ ಮುಚ್ಚಿ ಹಾಕ್ತೀಯ. ನನ್ನದು ಕೆಟ್ಟರೆ ಕೆಟ್ಟಿದೆ ಅಂತ ಎಲ್ಲರಿಗೂ ಕಾಣತ್ತೆ," ಎನ್ನುತ್ತಿದ್ದಳು. ಇಬ್ಬರೂ ಹೇಳುತ್ತಿದ್ದುದು ನಿಜವೇ ಆದ್ದರಿಂದ ಆ ಜಗಳಕ್ಕೆ ಕೊನೆ ಇರಲಿಲ್ಲ.

ತರಕಾರಿಗಳಲ್ಲಿ ಸೀಮೆಬದನೆಕಾಯಿ ಎಂದರೆ ಅವಳಿಗೆ ಪಂಚಪ್ರಾಣ. ಆ ಕಾಯಿಯ ಹಣೆಬರಹ ನೋಡಿ: ರುಚಿ ಇದೆ ಎನ್ನುವಂತಿಲ್ಲ, ಇಲ್ಲ ಎನ್ನುವಂತಿಲ್ಲ. ಸಿಪ್ಪೆ ತೆಗೆಯಲು ಕೂತರೆ ಅಂಟುಹಾಲು ಸುರಿಸಿ ಕೈಯ ಚರ್ಮವನ್ನೆಲ್ಲ ಬಿಗಿಸಿಬಿಡುತ್ತದೆ. ಅದಕ್ಕೇ ಅವಳು ನೀರು ತುಂಬಿದ ಬೋಗುಣಿಯೊಳಗೆ ಕೈ ಮುಳುಗಿಸಿಕೊಂಡೇ ಸಿಪ್ಪೆ ತೆಗೆಯುತ್ತಿದ್ದಳು. ಆಮೇಲೆ ತೆಳ್ಳಗೆ ಸೀಳಿ, ಉಪ್ಪು ಸವರಿ, ಸ್ವಲ್ಪ ಹೊತ್ತು ಬಿಟ್ಟು ಹಿಂಡಿ, ನಿಂಬೆರಸ, ಕುಟ್ಟಿದ ಕರಿಮೆಣಸು, ಒಂದಿಷ್ಟು ಎಣ್ಣೆ, ಕೈಯಲ್ಲೇ ಹರಿದು ಹಾಕಿದ ಪುದೀನ. "ಒಳ್ಳೆ ಸೊಸೆ ಇದ್ದ ಹಾಗೆ ಕಣಪ್ಪ ಇದು, ಯಾರ ಜೊತೆ ಸೇರಿಸಿದ್ರೂ ಹೊಂದಿಕೊಂಡು ಹೋಗತ್ತೆ," ಎಂದು ಹೇಳಿಕೊಂಡು ಬಡಿಸುತ್ತಿದ್ದಳು. ಅವಳು ತನ್ನ ಅತ್ತೆಯ ಜೊತೆ ಎಷ್ಟು ಹೊಂದಿಕೊಂಡು ಹೋಗಿದ್ದಳು ಅನ್ನುವುದು ಬೇರೆ ವಿಷಯ, ಅದಕ್ಕೆ ಆಮೇಲೆ ಬರೋಣ.

ಮಾಡಿದರೆ ಆಯಿತೆ, ತಿನ್ನುವವರು ಬೇಕಲ್ಲ. ಆ ಕಚೇರಿಯಲ್ಲಿ ಸಲಾಡ್ ತಟ್ಟೆ ಹಿಡಿಯುತ್ತಿದ್ದವರು ಎರಡೇ ಜಾತಿ. ಡಾಕ್ಟರು ಹೆದರಿಸಿ ಕಳಿಸಿದವರು ಒಂದು, ಹೆಂಡತಿ ಹೆದರಿಸಿ ಕಳಿಸಿದವರು ಇನ್ನೊಂದು. ದೊಡ್ಡ ಸಾಹೇಬರು, ಅಂದರೆ ಇಡೀ ಕಚೇರಿಗೆ ಮೇಲಿನವರು, ಎರಡೂ ಜಾತಿಗೆ ಸೇರಿದ್ದರು. ಅವರು ತಟ್ಟೆಯನ್ನು ಎದುರಿಗಿಟ್ಟುಕೊಂಡು, ಕನ್ನಡಕ ಮೂಗಿನ ಮೇಲೆ ಜಾರಿಸಿ, ಫೋರ್ಕಿನ ತುದಿಯಿಂದ ಸೀಮೆಬದನೆಯ ಒಂದೊಂದು ಚೂರನ್ನೂ ಹುಡುಕಿ ತೆಗೆದು ತಟ್ಟೆಯಂಚಿಗೆ ಸಾಲಾಗಿ ಜೋಡಿಸುತ್ತಿದ್ದರು. "ಇದೊಂದು ನನಗೆ ಆಗಲ್ಲಮ್ಮ. ನೀರು ಅಗಿದ ಹಾಗೆ," ಎನ್ನುತ್ತಿದ್ದರು. ಹಸಿಯಕ್ಕ ಮರುದಿನ ಇನ್ನೂ ಸಣ್ಣಗೆ ಹೆಚ್ಚುವಳು. ಅವರು ಇನ್ನೂ ಕಣ್ಣರಳಿಸಿ ಹುಡುಕುವರು. ಹೀಗೇ ವರ್ಷಗಳು ಕಳೆದಿದ್ದವು.

ಇನ್ನು ಮನೆ. ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಒಂದಿಷ್ಟು ಹಿತ್ತಲು. ಮನೆಯಲ್ಲಿ ಅವಳು, ಗಂಡ, ಅತ್ತೆ. ಗಂಡ ಲಿಫ್ಟ್ ರಿಪೇರಿ ಮಾಡುವವನು. ಊರಿನ ಅರ್ಧ ಕಟ್ಟಡಗಳ ಲಿಫ್ಟು ಅವನ ಕೈಯಿಂದಲೇ ಮೇಲೆ ಕೆಳಗೆ ಹೋಗಿಬರುತ್ತಿತ್ತು. ಮನೆಯಲ್ಲೂ ಅವನದು ಅದೇ ಕಸುಬು. ಹೆಂಡತಿಯ ಮಾತನ್ನು ಅಮ್ಮನಿಗೆ ಮುಟ್ಟಿಸುವುದು, ಅಮ್ಮನ ಮಾತನ್ನು ಹೆಂಡತಿಗೆ ಮುಟ್ಟಿಸುವುದು. ಯಾಕೆಂದರೆ ಅತ್ತೆ ಸೊಸೆ ನೇರವಾಗಿ ಮಾತಾಡುತ್ತಿರಲಿಲ್ಲ.

ಕಾರಣ ಕೇಳಿದರೆ ನಗು ಬರುತ್ತದೆ. ಮದುವೆಯಾದ ಹೊಸದರಲ್ಲಿ ಸೊಸೆ ಉತ್ಸಾಹದಿಂದ ಒಂದು ಬಟ್ಟಲು ಸಲಾಡ್ ಮಾಡಿ ಅತ್ತೆಯ ಮುಂದಿಟ್ಟಿದ್ದಳು. ಅತ್ತೆ ಬಟ್ಟಲು ನೋಡಿ, ಸೊಸೆಯನ್ನು ನೋಡಿ, "ನಮ್ಮ ಮನೇಲಿ ದನ ಸಾಕಿಲ್ಲ," ಅಂದಿದ್ದಳು. ಅಷ್ಟೇ. ಸೊಸೆ ಬಟ್ಟಲು ಎತ್ತಿಕೊಂಡು ಒಳಗೆ ಹೋದವಳು ಅಂದಿನಿಂದ ಆ ಮನೆಯಲ್ಲಿ ಹಸಿ ತರಕಾರಿ ಬಡಿಸಲಿಲ್ಲ, ಅತ್ತೆಯೊಡನೆ ಮಾತೂ ಆಡಲಿಲ್ಲ. ಅತ್ತೆಯೂ ಅದಕ್ಕೆ ಸರಿಯಾದ ಜೋಡಿ. ಒಂದೇ ಕೋಣೆಯಲ್ಲಿ ಮೂವರೂ ಕೂತಿರುವಾಗಲೂ ಮುದುಕಿ ಮಗನ ಕಡೆ ತಿರುಗಿ, "ನಿನ್ನ ಹೆಂಡತಿಗೆ ಹೇಳಪ್ಪ, ಬಾಗಿಲು ಹಾಕಕ್ಕೆ," ಎನ್ನುವಳು. ಅವನು ಇತ್ತ ತಿರುಗಿ, "ಬಾಗಿಲು ಹಾಕಬೇಕಂತೆ ಕಣೇ," ಎನ್ನುವನು. ಅವಳು, "ಗಾಳಿ ಬರಲಿ ಅಂತ ತೆಗೆದಿದೀನಿ ಅಂತ ಹೇಳ್ರೀ," ಎನ್ನುವಳು. ಅಷ್ಟು ಹೊತ್ತಿಗೆ ಅವನಿಗೆ ಬೇಜಾರಾಗಿ ತಾನೇ ಎದ್ದು ಬಾಗಿಲು ಹಾಕಿಬಿಡುವನು. ಉದ್ದದ ಮಾತುಗಳನ್ನಂತೂ ಅವನು ಮೊಟಕು ಮಾಡಿಯೇ ಸಾಗಿಸುತ್ತಿದ್ದುದು. ಅಮ್ಮ ಹತ್ತು ಮಾತು ಹೇಳಿದರೆ ಹೆಂಡತಿಗೆ ತಲುಪುತ್ತಿದ್ದುದು, "ಅಮ್ಮನಿಗೆ ಕೋಪ ಬಂದಿದೆ," ಅನ್ನುವುದೊಂದೇ.

ಹಿತ್ತಲಲ್ಲಿ ಮೂರು ತಾಳೆಮರಗಳಿದ್ದವು. ಅತ್ತೆ ನೆಟ್ಟವು. ಮೂರು ಮಕ್ಕಳಿಗೆ ಮೂರು ಮರ: ಹಿರಿಮಗಳದೊಂದು, ಹಿರಿಮಗನದೊಂದು, ಕಿರಿಯವನದೊಂದು. ಕಿರಿಯವನೇ ಹಸಿಯಕ್ಕನ ಗಂಡ. ಮಗಳೂ ಹಿರಿಮಗನೂ ಬೇರೆ ಬೇರೆ ಕಡೆ ಸಂಸಾರ ಹೂಡಿ ಚೆನ್ನಾಗಿಯೇ ಇದ್ದರು. ಅತ್ತೆ ಬೆಳಿಗ್ಗೆ ತಿಂಡಿ ಮುಗಿಸಿ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಹೋಗಿ ಆ ಮರಗಳ ಕೆಳಗೆ ಕೂತರೆ ಬಿಸಿಲು ಇಳಿಯುವವರೆಗೆ ಒಳಗೆ ಬರುತ್ತಿರಲಿಲ್ಲ. ಸೊಸೆಗೆ ಇದರಿಂದ ಅನುಕೂಲವೇ ಆಗಿತ್ತು. ಆದರೂ ಸಂಜೆ ಕೆಲಸದಿಂದ ಬಂದು ಹಿಂಬಾಗಿಲಿನಿಂದ ಇಣುಕಿದಾಗ ಕುರ್ಚಿಯ ಮೇಲೆ ಆ ಬಿಳಿ ತಲೆ ಕಾಣದಿದ್ದರೆ ಅವಳ ಎದೆ ಧಸಕ್ಕೆನ್ನುತ್ತಿತ್ತು. ಮಾತಿಲ್ಲ ಅಂದ ಮಾತ್ರಕ್ಕೆ ಮನಸ್ಸಿಲ್ಲ ಅಂತೇನೂ ಅಲ್ಲವಲ್ಲ.

ಒಂದು ದಿನ ಬಿರುಗಾಳಿ ಬೀಸಿ ಹಿರಿಮಗಳ ಮರ ಬುಡಮೇಲಾಯಿತು. ಬಿದ್ದ ಮರವನ್ನು ತುಂಡು ಮಾಡಲು ಬಂದವನು ನೆತ್ತಿಯ ಗರಿಗಳನ್ನೆಲ್ಲ ಕತ್ತರಿಸಿ, ಪದರ ಪದರ ಸುಲಿದು, ಒಳಗಿನ ಸುಳಿಯನ್ನು ತೆಗೆದುಕೊಟ್ಟ. ತೋಳಿನಷ್ಟು ದಪ್ಪ, ದಂತದ ಬಣ್ಣ, ಬೆಣ್ಣೆಯ ಹಾಗೆ ಚಾಕು ಇಳಿಯುವಂಥ ಎಳೆ ತಿರುಳು. "ಹಸಿಯಾಗೇ ತಿನ್ಬಹುದು ಅಕ್ಕ. ಆದ್ರೆ ಒಂದು ಮರಕ್ಕೆ ಒಂದೇ. ಸುಳಿ ತೆಗೆದ್ರೆ ಮರ ಸತ್ತ ಹಾಗೇ," ಅಂದ. ಹಸಿ ಅಂದ ಮೇಲೆ ಅದು ಕ್ಯಾಂಟೀನಿಗೇ ಹೋಗಬೇಕಾದ್ದು ಎಂದು ಅವಳಿಗೆ ತಕ್ಷಣ ಹೊಳೆಯಿತು. ಮನೆಯ ನೆನಪು ಬರಲಿಲ್ಲ. ಒದ್ದೆ ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟುಕೊಂಡು ಮರುದಿನ ಕೆಲಸಕ್ಕೆ ಒಯ್ದಳು.

ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ, ನಿಂಬೆ ಹಿಂಡಿ, ಪಕ್ಕದಲ್ಲಿ ಸೀಮೆಬದನೆಯ ಎಸಳುಗಳನ್ನೂ ಇಟ್ಟು ಬಡಿಸಿದಳು. ಅಬ್ಬಾ, ಆ ದಿನ ಕ್ಯಾಂಟೀನಿನಲ್ಲಿ ನೋಡಬೇಕಿತ್ತು. ಹೆಂಡತಿಗೆ ಹೆದರಿ ಸಲಾಡ್ ತಿನ್ನುತ್ತಿದ್ದವರು ಹೆಂಡತಿಗೆ ಫೋನ್ ಮಾಡಿ ಹೇಳಿಕೊಂಡರು. ದೊಡ್ಡ ಸಾಹೇಬರು ಎಂದಿನಂತೆ ಸೀಮೆಬದನೆಯನ್ನು ಅಂಚಿಗೆ ಸರಿಸಿ, ತಾಳೆಯ ಬಿಲ್ಲೆಗಳನ್ನು ಕಣ್ಣುಮುಚ್ಚಿ ತಿಂದು, ಕಟ್ಟೆಯವರೆಗೂ ತಾವೇ ನಡೆದು ಬಂದರು. "ಏನಮ್ಮ ಇದು, ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆ?" ಎಂದು ಕೇಳಿದರು. ಅಷ್ಟು ವರ್ಷಗಳಲ್ಲಿ ಅವರು ಆ ಕಟ್ಟೆಯ ಹತ್ತಿರ ಬಂದದ್ದು ಅದೇ ಮೊದಲು. ಹಸಿಯಕ್ಕನ ಮುಖ ಕಿವಿಯವರೆಗೂ ಕೆಂಪೇರಿತು. ಉರಿಯಪ್ಪ ಆ ದಿನ ಪಾತ್ರೆಗಳನ್ನೆಲ್ಲ ಜೋರಾಗಿ ಕುಕ್ಕಿದ.

ಹೊಗಳಿಕೆ ಕೆಟ್ಟದ್ದು. ಒಮ್ಮೆ ರುಚಿ ಹತ್ತಿದರೆ ಬಿಡುವುದಿಲ್ಲ. ಕೆಲವು ತಿಂಗಳಾದ ಮೇಲೆ ಕ್ಯಾಂಟೀನ್ ಮ್ಯಾನೇಜರು ಬಂದು, "ಅಕ್ಕ, ಮತ್ತೆ ಒಂದು ಸಲ ಆಗಬಹುದಾ?" ಎಂದು ಕೇಳಿದಾಗ ಅವಳು ಮನೆಗೆ ಬಂದು ಗಂಡನ ಹತ್ತಿರ ಹೇಳಿದಳು. ಅವನಿಗೆ ಧಾರಾಳತನ ಉಕ್ಕಿಬಂತು. "ಅದಕ್ಕೇನಂತೆ, ಅಣ್ಣನ ಮರ ಇದೆಯಲ್ಲ," ಎಂದ. ಅಣ್ಣನ ಮರವನ್ನು ದಾನ ಮಾಡುವುದರಲ್ಲಿ ಅವನಿಗೆ ಒಂದಿಷ್ಟೂ ಕಷ್ಟವಾಗಲಿಲ್ಲ. ಅಮ್ಮನನ್ನು ಕೇಳಿದಿರಾ ಎಂದರೆ, "ಕೇಳಿದೆ, ಏನೂ ಅನ್ನಲಿಲ್ಲ," ಎಂದ. ನಿಜಕ್ಕೂ ಅವನು ಕೇಳಿರಲಿಲ್ಲ. ನಾಳೆ ಮರ ಕಡಿಯುತ್ತಾರೆ, ಕುರ್ಚಿ ಈಚೆ ಹಾಕಿಕೋ ಅಂದಿದ್ದನಷ್ಟೆ.

ಮರ ಉರುಳಿತು. ಸುಳಿ ಬುಟ್ಟಿ ಸೇರಿತು. ಹಸಿಯಕ್ಕ ಬುಟ್ಟಿ ಎತ್ತಿಕೊಂಡು ಅತ್ತೆಯ ಮುಂದೆಯೇ ಹಾದುಹೋದಳು. ಮುದುಕಿ ಬುಟ್ಟಿಯನ್ನೇ ನೋಡುತ್ತಿದ್ದವಳು ಮುಖ ಆ ಕಡೆ ತಿರುಗಿಸಿಕೊಂಡಳು. ಅಂದಿನಿಂದ ಊಟಕ್ಕೆ ಕರೆದರೆ ನಿಧಾನವಾಗಿ ಏಳುವುದು, ಮಗ ಏನು ಕೇಳಿದರೂ ತುಟಿ ಪಿಟಕ್ಕೆನ್ನದೆ ಕೂರುವುದು, ಅರ್ಧ ಊಟಕ್ಕೇ ಕೈ ತೊಳೆಯುವುದು. ಕುರ್ಚಿಯನ್ನು ಉಳಿದ ಒಂದೇ ಮರದ ಬುಡಕ್ಕೆ ಒತ್ತಿ ಹಾಕಿಕೊಂಡಳು. "ಏನಂತೆ?" ಎಂದು ಹಸಿಯಕ್ಕ ಗಂಡನನ್ನು ಕೇಳಿದಳು. "ಇನ್ನೇನು, ಕೋಪ," ಎಂದ ಅವನು.

ಕೋಪವಲ್ಲ, ದುಃಖ ಎಂದು ಹಸಿಯಕ್ಕ ತಾನೇ ಅರ್ಥ ಮಾಡಿಕೊಂಡಳು. ಮಕ್ಕಳ ಹೆಸರಲ್ಲಿ ನೆಟ್ಟ ಮರ, ಒಂದನ್ನು ಗಾಳಿ ಒಯ್ದಿತು, ಒಂದನ್ನು ತಾನು ಒಯ್ದೆ. ಉಳಿದದ್ದನ್ನು ಕಾವಲು ಕಾಯುತ್ತ ಕೂತಿದ್ದಾಳೆ ಮುದುಕಿ. ಅದೂ ಹೋದರೆ ಇವಳೂ ಉಳಿಯುವುದಿಲ್ಲ. ಈ ಯೋಚನೆ ಒಮ್ಮೆ ತಲೆಗೆ ಹೊಕ್ಕಿದ್ದೇ ತಡ, ಹೊರಗೆ ಬರಲೇ ಇಲ್ಲ. ಇನ್ನು ಮೇಲೆ ತಾಳೆಯ ಸುದ್ದಿ ಎತ್ತಬಾರದು ಎಂದು ತೀರ್ಮಾನಿಸಿದಳು. ಮ್ಯಾನೇಜರಿಗೂ ಹೇಳಿದಳು, "ಮರ ಮುಗೀತು ಸಾರ್," ಅಂತ.

ಆದರೆ ಲಿಫ್ಟು ಕೆಟ್ಟಿತು. ಅವಳ ಕಚೇರಿಯ ಲಿಫ್ಟೇ. ಒಳಗೆ ಸಿಕ್ಕಿಕೊಂಡವರು ದೊಡ್ಡ ಸಾಹೇಬರು. ರಿಪೇರಿಗೆ ಬಂದವನು ಹಸಿಯಕ್ಕನ ಗಂಡ. ಸಾಹೇಬರು ಬೆವೆತು ಗಾಬರಿಯಾಗಿದ್ದರು. ಅವರ ಧೈರ್ಯಕ್ಕೆ ಏನಾದರೂ ಮಾತಾಡುತ್ತಿರಬೇಕೆಂದು ಇವನು ಬಾಗಿಲ ಸಂದಿಯಿಂದ ತನ್ನ ಪರಿಚಯ ಹೇಳಿಕೊಂಡ, ಹೆಂಡತಿಯ ಪರಿಚಯ ಹೇಳಿದ, ತಾಳೆಯ ಸುಳಿಯ ಸುದ್ದಿ ತೆಗೆದ. "ಇನ್ನೊಂದು ಮರ ಇದೆ ಸಾರ್, ನಮ್ಮ ಹಿತ್ತಲಲ್ಲಿ. ನನ್ನದೇ," ಎಂದ. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಅಂತ ಸುಮ್ಮನೆ ಹೇಳಿಲ್ಲ ಹಿರಿಯರು. ಸಾಹೇಬರು ಲಿಫ್ಟಿನಿಂದ ಹೊರಬಂದವರು ನೇರವಾಗಿ ಮ್ಯಾನೇಜರನ್ನು ಕರೆಸಿದರು. ಮುಂದಿನ ಶುಕ್ರವಾರ ಬೇರೆ ಕಚೇರಿಗಳ ದೊಡ್ಡವರೆಲ್ಲ ಊಟಕ್ಕೆ ಬರುವವರಿದ್ದರು.

ಮ್ಯಾನೇಜರು ಕಟ್ಟೆಯ ಹತ್ತಿರ ಬಂದು ಟೈ ಸರಿಮಾಡಿಕೊಂಡ. "ಮರ ಇದೆಯಂತಲ್ಲ ಅಕ್ಕ."

"ಅದು ನಮ್ಮ ಅತ್ತೆದು ಸಾರ್. ಕಡಿಯಕ್ಕಾಗಲ್ಲ."

"ನಿಮ್ಮ ಯಜಮಾನರು ತಮ್ಮದೇ ಅಂದ್ರಂತೆ. ಸಾಹೇಬರು ಎಲ್ಲರಿಗೂ ಹೇಳಿಬಿಟ್ಟಿದಾರೆ. ನೋಡಿ, ಡಬ್ಬೀಲಿ ರೆಡಿ ಬರೋ ಸಲಾಡ್ ತರಿಸೋಣ, ಈ ಕಟ್ಟೆ ಯಾಕೆ ಅಂತ ಮೇಲೆ ಮಾತು ನಡೀತಾ ಇದೆ. ನಾನು ತಡೆದಿಟ್ಟಿದೀನಿ. ಈಗ ನೀವೇ ಇಲ್ಲ ಅಂದ್ರೆ ನಾನೇನು ಮಾಡ್ಲಿ?"

ಅವಳು ಮನೆಗೆ ಹೋದಾಗ ಗಂಡ ಆಗಲೇ ಅಮ್ಮನಿಗೆ ಶುಕ್ರವಾರ ಮರ ಕಡಿಯುವ ಸುದ್ದಿ ಮುಟ್ಟಿಸಿ ಕೃತಾರ್ಥನಾಗಿದ್ದ. ಹಸಿಯಕ್ಕ ಹಿಂಬಾಗಿಲಿನಿಂದ ನೋಡಿದಳು. ಮುದುಕಿ ಮರಕ್ಕೆ ಬೆನ್ನು ಕೊಟ್ಟು ಕೂತಿದ್ದಳು, ಮಡಿಲಲ್ಲಿ ಕೈ ಕಟ್ಟಿಕೊಂಡು, ಯಾರನ್ನೋ ಕಾಯುವವಳಂತೆ. ಈ ಮರ ಉಳಿಸದಿದ್ದರೆ ತಾನು ಈ ಮನೆಯಲ್ಲಿ ತಲೆಯೆತ್ತಿ ಓಡಾಡುವುದು ಸಾಧ್ಯವಿಲ್ಲ ಅನ್ನಿಸಿತು. "ಮರ ಕಡಿಯೋನ ಹತ್ರ ನಾನೇ ಮಾತಾಡ್ತೀನಿ, ನೀವು ತಲೆ ಹಾಕಬೇಡಿ," ಎಂದು ಗಂಡನಿಗೆ ಹೇಳಿದಳು. ಹೆಚ್ಚಿಗೆ ಏನೂ ಹೇಳಲಿಲ್ಲ. ಅವನ ಹೊಟ್ಟೆಯಲ್ಲಿ ಒಂದು ಗುಟ್ಟು ಒಂದು ಲೋಟ ನೀರಿನಷ್ಟು ಹೊತ್ತೂ ನಿಲ್ಲುತ್ತಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಅವಳು ಕೆಲಸಕ್ಕೆ ಬಂದಾಗ ಎರಡು ಚೀಲ ಎಳೆ ಸೀಮೆಬದನೆ ತಂದಿದ್ದಳು. ನೀರಿನಲ್ಲಿ ಕೈ ಮುಳುಗಿಸಿ, ಹಸಿರು ಚೂರೂ ಉಳಿಯದ ಹಾಗೆ ದಪ್ಪಗೆ ಸಿಪ್ಪೆ ತೆಗೆದಳು. ಕಾಯಿಯನ್ನು ತಿರುಗಿಸುತ್ತ ತಿರುಗಿಸುತ್ತ ಉದ್ದನೆಯ ತೆಳು ಪಟ್ಟಿ ಎಬ್ಬಿಸಿದಳು. ಅದನ್ನು ಬಿಗಿಯಾಗಿ ಸುತ್ತಿ ಅಡ್ಡಕ್ಕೆ ಕೊಯ್ದರೆ ಬಿಲ್ಲೆಯೊಳಗೆ ಉಂಗುರದ ಮೇಲೆ ಉಂಗುರ, ತಾಳೆಯ ಸುಳಿಯಲ್ಲಿ ಇರುವ ಹಾಗೇ. ಆದರೆ ಹಸಿ ಪಟ್ಟಿ ಸುತ್ತಲು ಹೋದರೆ ಲಟಕ್ಕೆಂದು ಮುರಿಯುತ್ತಿತ್ತು. ಒಂದೆರಡು ಪಟ್ಟಿ ಮುರಿದ ಮೇಲೆ ಅವಳು ಚಾಕು ಕೆಳಗಿಟ್ಟಳು. ಇದಕ್ಕೆ ಬಿಸಿನೀರು ಬೇಕು. ಬಿಸಿನೀರಿಗೆ ಒಲೆ ಬೇಕು. ಒಲೆಗೆ ಉರಿಯಪ್ಪ ಬೇಕು.

ಇಷ್ಟು ವರ್ಷ ಆ ಒಲೆಯ ಕಡೆ ಒಂದು ಹೆಜ್ಜೆ ಇಡದವಳು ಪಾತ್ರೆ ಹಿಡಿದುಕೊಂಡು ಅವನೆದುರು ನಿಂತಳು. "ಸ್ವಲ್ಪ ನೀರು ಕಾಯಿಸಿಕೊಳ್ತೀನಿ ಕಣಪ್ಪ."

ಉರಿಯಪ್ಪ ಸೌಟು ಕೆಳಗಿಟ್ಟ. "ಏನಂದೆ ಅಕ್ಕ? ಇನ್ನೊಂದು ಸಲ ಹೇಳು, ಈ ಕಿವಿ ಸ್ವಲ್ಪ ಮಂದ."

"ಒಲೆ ಬೇಕು ಅಂದೆ."

"ಯಾತಕ್ಕೆ?"

ಅವಳು ಸುತ್ತ ನೋಡಿ, ದನಿ ತಗ್ಗಿಸಿ ಇದ್ದದ್ದು ಇದ್ದ ಹಾಗೆ ಹೇಳಿದಳು. ಮರ, ಅತ್ತೆ, ಸಾಹೇಬರು, ಡಬ್ಬಿಯ ಸಲಾಡ್, ಎಲ್ಲ. ಉರಿಯಪ್ಪ ಅವಳ ಕಟ್ಟೆಯ ಮೇಲಿದ್ದ ಸೀಮೆಬದನೆ ನೋಡಿದ. ನಗುವಿಗೆ ಅವನ ಹೊಟ್ಟೆ ಕುಲುಕಲು ಶುರುವಾಯಿತು. ತಾನೇ ಮುಂದಿನ ಒಲೆ ಖಾಲಿ ಮಾಡಿ ಪಾತ್ರೆ ಇಟ್ಟು ಉರಿ ಏರಿಸಿದ. "ಬೆಂಕಿ ಇಲ್ಲದೆ ನಿನ್ನ ಹಸಿ ನಡೆಯಲ್ಲ ಅಂತ ಒಪ್ಪಿಕೊಂಡಂಗಾಯ್ತು. ಇನ್ನು ನನ್ನ ಬಾಯಿಂದ ಒಂದು ಮಾತು ಆಚೆ ಹೋಗಲ್ಲ," ಎಂದ. ಅವಳಿಗೆ ಅದನ್ನು ನುಂಗಿಕೊಳ್ಳುವುದು ಕಷ್ಟವೇ ಆಯಿತು. ಆದರೂ ನುಂಗಿಕೊಂಡಳು.

ಕುದಿಯುವ ಉಪ್ಪುನೀರಿನಲ್ಲಿ ಪಟ್ಟಿಗಳನ್ನು ಒಂದು ಉಸಿರಿನಷ್ಟು ಹೊತ್ತು ಮುಳುಗಿಸಿ ತೆಗೆದಳು. ಮಂಜುಗಡ್ಡೆಯ ನೀರಿಗೆ ಹಾಕಿದಳು. ಹಸಿರು ಛಾಯೆ ಹೋಗಲೆಂದು ಹಾಲು ಬೆರೆಸಿದ ತಣ್ಣೀರಿನಲ್ಲಿ ನೆನೆಸಿ, ತೊಳೆದು, ಒರೆಸಿ, ಸುತ್ತಿ, ಕೊಯ್ದಳು. ದಂತದ ಬಣ್ಣದ ಬಿಲ್ಲೆಗಳು ತಟ್ಟೆಯ ತುಂಬ ಕೂತವು. ನಿಂಬೆ, ಮೆಣಸು, ಎಣ್ಣೆ ಹಾಕಿದಳು. ಅನುಮಾನ ಬರಬಾರದೆಂದು ಪಕ್ಕದಲ್ಲಿ ಎಂದಿನ ಸೀಮೆಬದನೆ ಸಲಾಡನ್ನೂ ಒಂದು ಬೋಗುಣಿ ಇಟ್ಟಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಯಾರು ಹತ್ತಿರ ಬಂದರೂ ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದಳು.

ಅತಿಥಿಗಳು ಬಂದರು. ದೊಡ್ಡ ಸಾಹೇಬರು ಮೊದಲ ಬಿಲ್ಲೆಯನ್ನು ಬಾಯಿಗಿಟ್ಟುಕೊಂಡರು. ಹಸಿಯಕ್ಕ ಕಟ್ಟೆಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಸಾಹೇಬರು ಅಗಿದರು, ಕಣ್ಣು ಮುಚ್ಚಿದರು, ತೆರೆದರು.

"ಮೊದಲ ಎರಡು ಸಲಕ್ಕಿಂತ ಇದು ಚೆನ್ನಾಗಿದೆ," ಎಂದರು.

ಪಕ್ಕದಲ್ಲಿದ್ದ ಅತಿಥಿಯೊಬ್ಬರು ಅದೇನೆಂದು ಕೇಳಿದರು. ಸಾಹೇಬರು ಒಂದು ಬಿಲ್ಲೆಯನ್ನು ಫೋರ್ಕಿಗೆ ಚುಚ್ಚಿ ಬೆಳಕಿಗೆ ಹಿಡಿದು ಪಾಠ ಮಾಡಿದರು. "ತಾಳೆಯ ಸುಳಿ. ಈ ಉಂಗುರಗಳನ್ನ ನೋಡಿ. ಎಷ್ಟು ಒತ್ತಾಗಿವೆಯೋ ಮರ ಅಷ್ಟು ಹಳೇದು. ಇದು ತುಂಬಾ ವಯಸ್ಸಾದ ಮರ. ರುಚಿಯಲ್ಲೇ ಗೊತ್ತಾಗತ್ತೆ." ಅತಿಥಿಗಳು ತಲೆದೂಗಿದರು. ಒಬ್ಬರಂತೂ ಉಂಗುರ ಎಣಿಸಲು ಶುರುಮಾಡಿದರು. ಉರಿಯಪ್ಪ ಪಾತ್ರೆ ತರುವ ನೆವದಲ್ಲಿ ಹಿಂಬಾಗಿಲಿನಿಂದ ಆಚೆ ಹೋಗಿ ಗೋಡೆ ಹಿಡಿದುಕೊಂಡು ನಕ್ಕು ಬಂದ. ಮ್ಯಾನೇಜರು ಸೀಮೆಬದನೆಯ ಬೋಗುಣಿಯನ್ನು ಸಾಹೇಬರ ಮುಂದೆ ಹಿಡಿದಾಗ ಅವರು ಕೈ ಅಡ್ಡ ಮಾಡಿದರು. "ಅದು ಬೇಡಪ್ಪ. ಇಂಥದ್ದು ತಿಂದ ಬಾಯಲ್ಲಿ ಅದನ್ನ ಯಾರು ತಿಂತಾರೆ?" ತಟ್ಟೆಗಳು ಬರಿದಾದವು. ಡಬ್ಬಿಯ ಸಲಾಡಿನ ಸುದ್ದಿ ಅಲ್ಲಿಗೇ ಸತ್ತುಹೋಯಿತು.

ಹಸಿಯಕ್ಕ ಉಳಿದಿದ್ದ ನಾಲ್ಕಾರು ಬಿಲ್ಲೆಗಳನ್ನು ಡಬ್ಬಿಗೆ ಹಾಕಿಕೊಂಡು ಮನೆಗೆ ಹೊರಟಳು. ಅವಳಿಗೆ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಇವತ್ತು ಒಂದು ಒಳ್ಳೆಯ ಕೆಲಸ ಮಾಡಿದ್ದೇನೆ, ಅದೂ ತನ್ನನ್ನು ಸೊಸೆ ಅಂತ ಒಂದು ಮಾತು ಆಡಿಸದ ಮುದುಕಿಗಾಗಿ. ಅತ್ತೆಗೆ ಹೇಳಲೇಬೇಕು. ಗಂಡ ಇನ್ನೂ ಬಂದಿರಲಿಲ್ಲ. ಎಲ್ಲೋ ಲಿಫ್ಟು ನಿಂತಿತ್ತು. ಸಂತೋಷವನ್ನು ಹೊಟ್ಟೆಯಲ್ಲಿಟ್ಟುಕೊಂಡು ಅವನಿಗಾಗಿ ಕಾಯುವ ಶಕ್ತಿ ಅವಳಲ್ಲಿರಲಿಲ್ಲ. ಚಪ್ಪಲಿಯನ್ನೂ ಬಿಡದೆ ನೇರವಾಗಿ ಹಿತ್ತಲಿಗೆ ಹೋದಳು.

ಮುದುಕಿ ಮರದ ಕೆಳಗೆ ಕೂತಿದ್ದಳು. ಸೊಸೆಯನ್ನು ನೋಡಿ, ನಡುವೆ ಮಗ ಇಲ್ಲದ್ದನ್ನೂ ನೋಡಿದಳು. ಆಮೇಲೆ ಮರದ ಕಡೆ ಮುಖ ಮಾಡಿ, "ಕಡಿಯೋರು ಬರಲೇ ಇಲ್ಲ," ಎಂದಳು.

"ಬರಲ್ಲ ಅತ್ತೆ," ಎಂದಳು ಹಸಿಯಕ್ಕ. ಅತ್ತೆ ಅನ್ನುವ ಮಾತು ಅವಳ ಬಾಯಲ್ಲಿ ಅವಳಿಗೇ ಹೊಸದಾಗಿ ಕೇಳಿಸಿತು. "ನಾನೇ ಬೇಡ ಅಂದೆ. ನಿಮ್ಮ ಮರ ಯಾರೂ ಮುಟ್ಟಲ್ಲ." ಎಂದವಳೇ ಸೀಮೆಬದನೆಯ ಕತೆಯನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಒಲೆ ಕೇಳಿದ್ದು, ಪಟ್ಟಿ ಸುತ್ತಿದ್ದು, ಸಾಹೇಬರು ಉಂಗುರದ ಪಾಠ ಮಾಡಿದ್ದು. ಮುದುಕಿ ನಗಲಿಲ್ಲ. ಕೊನೆಯವರೆಗೂ ಕೇಳಿಸಿಕೊಂಡು ತಲೆ ಅಲ್ಲಾಡಿಸಿದಳು.

"ಅಂದ್ರೆ ಈ ಸಲಾನೂ ಇಲ್ಲ."

"ಏನಿಲ್ಲ ಅತ್ತೆ?"

"ಮೊದಲನೇದು ಗಾಳಿಗೆ ಬಿತ್ತು. ನಿಮ್ಮ ಆಫೀಸಿನೋರೆಲ್ಲ ತಿಂದ್ರಂತೆ, ಚೆನ್ನಾಗಿತ್ತಂತೆ, ನಿನ್ನ ಗಂಡ ಹೇಳ್ದ. ಹೋಗ್ಲಿ, ಗಾಳಿಗೆ ಬಿದ್ದಿದ್ದು. ಎರಡನೇದು ಕಡಿಸಿದ್ರಿ. ಬುಟ್ಟೀಲಿಟ್ಟುಕೊಂಡು ನನ್ನ ಕಣ್ಣ ಮುಂದೇನೇ ಹೋದೆ. ನೆಟ್ಟೋಳು ನಾನು, ನೀರು ಹೊತ್ತೋಳು ನಾನು. ಮುದುಕಿಗೂ ಒಂದು ತುಂಡು ಕೊಡೋಣ ಅಂತ ಯಾರಿಗಾದ್ರೂ ಅನ್ನಿಸ್ತಾ? ಊರಿಗೆ ಉಪಕಾರಿ, ಮನೆಗೆ ಮಾರಿ." ಮುದುಕಿ ಸೆರಗಿನ ತುದಿ ಹಿಡಿದುಕೊಂಡಳು. "ನನಗೆ ಹಲ್ಲಿಲ್ಲ. ಬೇಯಿಸಿ ಬೇಯಿಸಿ ಮೆತ್ತಗೆ ಮಾಡಿದ್ದೇ ತಿಂದು ನಾಲಿಗೆ ಜಡ್ಡುಗಟ್ಟಿದೆ. ಅದು ಬೆಣ್ಣೆ ಹಾಗೆ ಇರತ್ತಂತೆ, ಒಸಡಲ್ಲೇ ಅಗೀಬಹುದಂತೆ, ಕಡಿಯೋನು ಹೇಳ್ತಿದ್ದ. ಮೂರನೇದು ಕಡೀತಾರೆ ಅಂತ ಗೊತ್ತಾದ ಮೇಲೆ, ಈ ಸಲ ಇಲ್ಲೇ ಕೂತು ಅವನ ಕೈಯಿಂದಾನೇ ಕೇಳಿ ಇಸ್ಕೊಳ್ಳೋಣ ಅಂತ ಬೆಳಿಗ್ಗೆಯಿಂದ ಕಾದೆ."

ಹಸಿಯಕ್ಕ ನಿಂತಲ್ಲೇ ಕೂತುಬಿಟ್ಟಳು. ಊರಿಗೆಲ್ಲ ತಟ್ಟೆ ತಟ್ಟೆ ಬಡಿಸಿದವಳಿಗೆ ಮನೆಯಲ್ಲೊಬ್ಬಳು ಹಸಿದು ಕೂತಿದ್ದು ತಿಳಿಯಲಿಲ್ಲವಲ್ಲ ಎಂದು ನಾಚಿಕೆಯಾಯಿತು, ಅಳು ಬಂತು. "ಹಸೀದು ನಿಮಗೆ ಸೇರಲ್ಲ ಅಂದ್ಕೊಂಡಿದ್ದೆ," ಎಂದಳು ಮೆಲ್ಲಗೆ. "ಈ ಮರ ಹೋದ್ರೆ ನಿಮಗೆ ನೆರಳಿರಲ್ಲ ಅಂತ..."

"ನೆರಳನ್ನ ತಿನ್ನಕ್ಕಾಗತ್ತಾ? ಕುರ್ಚಿ ಎತ್ತಿ ಗೋಡೆ ಪಕ್ಕ ಹಾಕಿದ್ರೆ ಆಯ್ತು. ಗೋಡೆಗೂ ನೆರಳಿದೆ." ಮುದುಕಿ ಅವಳ ಕೈಯಲ್ಲಿದ್ದ ಡಬ್ಬಿ ನೋಡಿದಳು. "ಏನದು?"

"ಅದೇ ಸೀಮೆಬದನೆ. ತಾಳೆ ಹಾಗೆ ಮಾಡಿದ್ದು."

"ಅದನ್ನ ನಿಮ್ಮ ಸಾಹೇಬರಿಗೇ ಕೊಡು."

ಆಮೇಲೆ ಬಂದ ಭಾನುವಾರ ಮರ ಕಡಿಸಿದರು. ಮರ ಕಡಿಯುವವನನ್ನು ಹಸಿಯಕ್ಕನೇ ಹೋಗಿ ಕರೆದು ತಂದಳು. ಗಂಡ ಮಾತ್ರ, "ನನ್ನ ಮರ, ನನ್ನ ಒಂದು ಮಾತೂ ಕೇಳಲಿಲ್ಲ," ಎಂದು ಗೊಣಗಿಕೊಂಡು ಎಲ್ಲಿಗೋ ಹೊರಟುಹೋದ. ಕಚೇರಿಗೆ ಇನ್ನು ಮೇಲೆ ಸೀಮೆಬದನೆಯೇ ಸಾಕೆಂದು ಅವಳು ಆಗಲೇ ತೀರ್ಮಾನ ಮಾಡಿದ್ದಳು. ಮರ ಉರುಳುವಾಗ ಮುದುಕಿ ಗೋಡೆಯ ಪಕ್ಕ ಕೂತು ನೋಡಿದಳು. ಒಮ್ಮೆ ಕಣ್ಣು ಒರೆಸಿಕೊಂಡಳು. ಆದರೆ ಸುಳಿ ಹೊರಬಂದಾಗ ಕುರ್ಚಿಯಿಂದ ಅರ್ಧ ಎದ್ದಿದ್ದಳು.

ಹಸಿಯಕ್ಕ ಅಡುಗೆಮನೆಯ ನೆಲದ ಮೇಲೆ ಕೂತು ತನ್ನ ಜೀವಮಾನದಲ್ಲಿ ಯಾವ ತರಕಾರಿಯನ್ನೂ ಹೆಚ್ಚದಷ್ಟು ಶ್ರದ್ಧೆಯಿಂದ ಅದನ್ನು ಹೆಚ್ಚಿದಳು. ತುದಿಯ ಎಳೆಯ ಭಾಗವನ್ನೇ ಆರಿಸಿ, ಉಪ್ಪು, ಎರಡು ಹನಿ ನಿಂಬೆರಸ ಹಾಕಿ, ಬಟ್ಟಲನ್ನು ಅತ್ತೆಯ ಮುಂದಿಟ್ಟಳು. ಇಟ್ಟು ಹಿಂದೆ ಸರಿಯದೆ ಅಲ್ಲೇ ನಿಂತಳು. ದೊಡ್ಡ ಸಾಹೇಬರು ಬಿಲ್ಲೆಯನ್ನು ಬಾಯಿಗಿಟ್ಟಾಗಲೂ ಅವಳ ಎದೆ ಇಷ್ಟು ಹೊಡೆದುಕೊಂಡಿರಲಿಲ್ಲ.

ಅತ್ತೆ ಒಂದು ತುಂಡನ್ನು ಬೆರಳಲ್ಲಿ ಎತ್ತಿದಳು. ಬಾಯಿಗೆ ಹಾಕುವ ಮೊದಲು ಕೇಳಿದಳು, "ನೀನು ತಿಂದಿದೀಯಾ?"

"ರುಚಿ ನೋಡಿದೀನಿ. ಬಡಿಸೋ ಮುಂಚೆ ಉಪ್ಪು ಸರಿ ಇದೆಯಾ ಅಂತ."

"ಅದು ತಿಂದಂಗಾ? ಕೂತ್ಕೋ."

ಹಸಿಯಕ್ಕ ಎದುರಿಗೆ ಕೂತಳು. ಇಬ್ಬರೂ ಒಂದೊಂದು ತುಂಡು ಬಾಯಿಗೆ ಹಾಕಿಕೊಂಡರು. ಅತ್ತೆ ಒಸಡಿನಲ್ಲಿ ನಿಧಾನವಾಗಿ ಅಗಿಯುತ್ತಿದ್ದಳು. ಹಸಿಯಕ್ಕ ಮೊದಲ ಸಲ ಅವಸರವಿಲ್ಲದೆ, ಉಪ್ಪು ನೋಡದೆ, ಸುಮ್ಮನೆ ತಿಂದಳು. ತಿನ್ನುತ್ತ ತಿನ್ನುತ್ತ ಅವಳಿಗೆ ಮೈ ತಣ್ಣಗಾಯಿತು. ಸಾಹೇಬರು ಹೇಳಿದ್ದು ಸುಳ್ಳಲ್ಲ. ಸೀಮೆಬದನೆಯೇ ಇದಕ್ಕಿಂತ ಚೆನ್ನಾಗಿತ್ತು. ಇದಕ್ಕೆ ಮೂರು ಮರ ಹೋದವು.

"ಹೇಗಿದೆ?" ಎಂದು ಅತ್ತೆ ಕೇಳಿದಳು.

"ತುಂಬಾ ಚೆನ್ನಾಗಿದೆ ಅತ್ತೆ."

"ಸುಳ್ಳು ಯಾಕೆ ಹೇಳ್ತೀಯ. ಸಪ್ಪೆ," ಎಂದಳು ಮುದುಕಿ. ಮತ್ತೆ ಬಟ್ಟಲಿಗೆ ಕೈ ಹಾಕಿ ಇನ್ನೊಂದು ತುಂಡು ತೆಗೆದುಕೊಂಡಳು. "ಆದ್ರೂ ನನ್ನ ಮರ."

ಹಸಿಯಕ್ಕ ಬಟ್ಟಲನ್ನು ಅತ್ತೆಯ ಕಡೆಗೆ ಸರಿಸಿ, ತಾನೂ ಇನ್ನೊಂದು ತುಂಡು ತೆಗೆದುಕೊಂಡಳು.